ಚಿಬ್ಬಿನಿಂದ ಕಲಿತ ಔಷಧಿ: ಅಜೆಲೈಕ್ ಆ್ಯಸಿಡ್ ಮುಖಕ್ಕೆ ಏನು ಮಾಡುತ್ತದೆ?

"ಅಣ್ಣಾ, ಈ ಟ್ಯೂಬ್ ಏನೂ ಕೆಲಸ ಮಾಡ್ಲಿಲ್ರಿ. ಬೇರೆ ಯಾವ್ದರ ಕೊಡ್ರಿ."

"ಎಷ್ಟು ದಿನ ಹಚ್ಚಿದ್ರಿ ಅಕ್ಕಾ?"

"ಹದಿನೈದು ದಿನ ಆತು ನೋಡ್ರಿ."

ಬಳ್ಳಾರಿಯ ನಮ್ಮ ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ನಿಂತು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರ ಕೈಯಲ್ಲಿರುವುದು ಮೊಡವೆಗೋ ಕಪ್ಪು ಕಲೆಗೋ ಅಂತ ಚರ್ಮದ ಡಾಕ್ಟರ್ ಬರೆದುಕೊಟ್ಟ ಅಜೆಲೈಕ್ ಆ್ಯಸಿಡ್ ಕ್ರೀಮ್. ಹದಿನೈದು ದಿನಕ್ಕೆ ಅದು ಇನ್ನೂ ಸರಿಯಾಗಿ ಕೆಲಸವನ್ನೇ ಶುರು ಮಾಡಿರುವುದಿಲ್ಲ. ಇನ್ನೆರಡು ತಿಂಗಳು ಬಿಡದೆ ಹಚ್ಚಿ ಅಂತ ನಾನು ಹೇಳುತ್ತೇನೆ. ಅವರು ನಕ್ಕು ತಲೆಯಾಡಿಸುತ್ತಾರೆ. ಆಮೇಲೆ ಇನ್ನೊಂದು ಅಂಗಡಿಗೆ ಹೋಗಿ, ನಾಲ್ಕು ದಿನದಲ್ಲಿ ಮುಖ ಬೆಳ್ಳಗಾಗುವ ಟ್ಯೂಬ್ ತಗೊಂಡು ಹೋಗುತ್ತಾರೆ. ಕೆಲವರು ನಾಲ್ಕೈದು ತಿಂಗಳ ಮೇಲೆ ಕೆಂಪು ಮುಖ ಹೊತ್ತುಕೊಂಡು ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ಹಿಂದೆ ಮೂರು ಜನ ಚೀಟಿ ಹಿಡಿದು ನಿಂತಿರುವಾಗ ಕೌಂಟರಿನಲ್ಲಿ ಎಲ್ಲ ಬಿಡಿಸಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಭಯ ಕಳೆಯೋಣ. ನಮ್ಮ ಕಡೆ ಆ್ಯಸಿಡ್ ಅಂದರೆ ಬಚ್ಚಲು ತೊಳೆಯುವ ಬಾಟಲಿ, ಇಲ್ಲವೇ ಇನ್ವರ್ಟರ್ ಬ್ಯಾಟರಿ. "ಮುಖಕ್ಕೆ ಆ್ಯಸಿಡ್ ಹಚ್ಚೋದಾ?" ಅಂತ ಗಾಬರಿಯಾಗಿ ಟ್ಯೂಬ್ ವಾಪಸ್ ಕೊಟ್ಟವರೂ ಇದ್ದಾರೆ. ಆದರೆ ಹುಣಸೆಹಣ್ಣಿನಲ್ಲೂ ಆ್ಯಸಿಡ್ ಇದೆ, ಮೊಸರಿನಲ್ಲೂ ಇದೆ. ಯಾವ ಆ್ಯಸಿಡ್ ಎಷ್ಟು ಖಾರ ಅನ್ನುವುದನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ನಿಂಬೆರಸದ್ದು ಸುಮಾರು 2. ನಮ್ಮ ಚರ್ಮದ ಮೇಲ್ಮೈಯದ್ದು ಸುಮಾರು 5. ಅಜೆಲೈಕ್ ಆ್ಯಸಿಡ್ ಜೆಲ್ ಕೂಡ 5ರ ಹತ್ತಿರವೇ ಇರುತ್ತದೆ. ಈ ಟ್ಯೂಬಿಗೆ ಹೆದರುವವರೇ ಅರ್ಧ ನಿಂಬೆಹಣ್ಣನ್ನು ಮುಖಕ್ಕೆ ತಿಕ್ಕಿಕೊಂಡು ಬಿಸಿಲಿಗೆ ಹೋಗುತ್ತಾರೆ. ನನಗೆ ಹೆದರಿಕೆಯಾಗುವುದು ಅದನ್ನು ನೋಡಿ.

ವಸ್ತು ಏನು ಅಂತ ಕೇಳಿದರೆ, ಒಂದು ಬಿಳಿ ಪುಡಿ. ಒಂಬತ್ತು ಕಾರ್ಬನ್‌ಗಳ ಒಂದು ಸಾಲು, ಸಾಲಿನ ಎರಡೂ ತುದಿಗೆ ಒಂದೊಂದು ಆಮ್ಲದ ಗುಂಪು. ಎರಡು ತಲೆ ಹಾವು ಅಂತ ಮಣ್ಣುಮುಕ್ಕ ಹಾವನ್ನು ಕರೆಯುತ್ತೇವಲ್ಲ, ಹಾಗೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಇದು ಸಣ್ಣ ಪ್ರಮಾಣದಲ್ಲಿ ತಾನಾಗಿಯೇ ಇರುತ್ತದೆ. ಹಾಗಂತ ಜೋಳದ ರೊಟ್ಟಿ ಬಿಟ್ಟು ಚಪಾತಿ ತಿಂದರೆ ಮೊಡವೆ ಹೋಗುವುದಿಲ್ಲ. ಟ್ಯೂಬಿನಲ್ಲಿರುವುದನ್ನು ಕಾರ್ಖಾನೆಯಲ್ಲಿ ಒಲೀಕ್ ಆ್ಯಸಿಡ್‌ನಿಂದ ಮಾಡುತ್ತಾರೆ. ಅದು ಅಡುಗೆ ಎಣ್ಣೆಗಳಲ್ಲಿ ಇರುವ ಕೊಬ್ಬಿನ ಆಮ್ಲ. ಗಿಡಗಳೂ ಇದನ್ನು ಬಳಸಿಕೊಳ್ಳುತ್ತವೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಒಂದು ಎಲೆಗೆ ರೋಗ ತಗುಲಿದರೆ ಗಿಡದೊಳಗೆ ಅಜೆಲೈಕ್ ಆ್ಯಸಿಡ್ ಹೆಚ್ಚಾಗಿ, ಉಳಿದ ಭಾಗಗಳು ಎಚ್ಚೆತ್ತುಕೊಂಡು ರೋಗ ಎದುರಿಸಲು ಸಜ್ಜಾಗುತ್ತವೆ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸಿರುಗುಪ್ಪದ ಕಡೆಯ ಒಬ್ಬ ಮೆಣಸಿನಕಾಯಿ ಬೆಳೆಗಾರರಿಗೆ ಇದನ್ನು ಹೇಳಿದೆ. "ಹಂಗಾರ ಗಿಡಕ್ಕೂ ಈ ಟ್ಯೂಬ್ ಹಚ್ಚಬೋದಾ?" ಅಂದರು.

ಈಗ ಚಿಬ್ಬಿನ ಕಥೆಗೆ ಬರೋಣ. ಈ ಔಷಧಿ ಅರ್ಥವಾಗಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ಚಿಬ್ಬು ನಮಗೆ ಹೊಸದಲ್ಲ. ಬಳ್ಳಾರಿಯಲ್ಲಿ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ನಾವೇ ನಗೆಯಾಡುತ್ತೇವೆ. ಬೆವರು ಇದ್ದಲ್ಲಿ ಚಿಬ್ಬು. ಬೆನ್ನು, ಎದೆ, ಕುತ್ತಿಗೆ ಮೇಲೆ ಸಣ್ಣ ಸಣ್ಣ ಬಿಳಚಿದ ಮಚ್ಚೆಗಳು, ಕೆರೆದರೆ ಹೊಟ್ಟಿನಂಥ ಪುಡಿ. ಇದಕ್ಕೆ ಕಾರಣ ಮಲಸೀಜಿಯಾ ಎಂಬ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಅದು ಹೊರಗಿನಿಂದ ಬಂದ ಕಳ್ಳನಲ್ಲ, ಎಲ್ಲರ ಚರ್ಮದ ಮೇಲೂ ಮೊದಲಿನಿಂದ ಇರುವ ಬಾಡಿಗೆದಾರ. ಚರ್ಮದ ಎಣ್ಣೆ ತಿಂದು ಬದುಕುತ್ತದೆ. ಶೆಖೆ, ಬೆವರು, ಜಿಡ್ಡು ಜಾಸ್ತಿಯಾದಾಗ ಅತಿಯಾಗಿ ಬೆಳೆಯುತ್ತದೆ.

ಯೀಸ್ಟ್ ಬೆಳೆದ ಜಾಗ ಯಾಕೆ ಬಿಳಚಿಕೊಳ್ಳಬೇಕು? ಈ ಪ್ರಶ್ನೆಯನ್ನು ಹಿಡಿದು ಕೂತವರು ರೋಮ್‌ನ ಸಂಶೋಧಕರಾದ ಮಾರ್ಚೆಲ್ಲಾ ನಜಾರೊ ಪೊರ್ರೊ ಮತ್ತು ಸಿರೊ ಪಾಸ್ಸಿ. ಪ್ರಯೋಗಾಲಯದಲ್ಲಿ ಈ ಯೀಸ್ಟ್ ಬೆಳೆಸಿ ನೋಡಿದಾಗ, ಅದು ಕೊಬ್ಬಿನ ಆಮ್ಲಗಳನ್ನು ಒಡೆದು ಎರಡು ತಲೆಯ ಆಮ್ಲಗಳನ್ನು ಮಾಡುತ್ತದೆ, ಅವು ಬಣ್ಣ ತಯಾರಾಗುವುದನ್ನು ತಡೆಯುತ್ತವೆ ಎಂದು ಕಂಡಿತು. 1978ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದು ಅಜೆಲೈಕ್ ಆ್ಯಸಿಡ್. ಚಿಬ್ಬಿನ ಬಿಳುಪಿಗೆ ಇದೊಂದೇ ಕಾರಣವಲ್ಲ, ಯೀಸ್ಟ್ ಮಾಡುವ ಬೇರೆ ವಸ್ತುಗಳ ಕೈವಾಡವೂ ಇದೆ ಅಂತ ಆಮೇಲಿನವರು ಹೇಳಿದರು. ಇರಲಿ. ಒಂದು ಒಳ್ಳೆ ಯೋಚನೆ ಅಷ್ಟರಲ್ಲಿ ಹುಟ್ಟಿತ್ತು. ಬೇಡದ ಕಡೆ ಬಣ್ಣ ತಡೆಯುವ ವಸ್ತುವನ್ನು, ಬಣ್ಣ ಅತಿಯಾದ ಕಡೆ ಹಚ್ಚಿದರೆ?

ಹಚ್ಚಿದರು. ಮುಖದ ಕಪ್ಪು ಕಲೆಗೆ ಅಂತ ಹಚ್ಚಿದವರಲ್ಲಿ ಮೊಡವೆ ಇದ್ದವರ ಮೊಡವೆಯೂ ಇಳಿಯಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಎರಡು. ಮುಂದೆ 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 20% ಕ್ರೀಮನ್ನು ಮೊಡವೆಗೆ ಒಪ್ಪಿತು. 2002ರಲ್ಲಿ 15% ಜೆಲ್‌ಗೆ ರೊಸೇಶಿಯಾ ಎಂಬ ಮುಖ ಕೆಂಪಾಗುವ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು.

ಬಣ್ಣದ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ನಮ್ಮ ಊರಿನ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಬಳ್ಳಾರಿ ಜೀನ್ಸ್ ಗೊತ್ತಲ್ಲ? ಚರ್ಮದೊಳಗೆ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಒಂದೊಂದೂ ಒಂದು ಸಣ್ಣ ಬಣ್ಣದ ಘಟಕ. ಅಲ್ಲಿ ತಯಾರಾಗುವ ಬಣ್ಣ ಮೆಲನಿನ್. ಘಟಕದ ಮುಖ್ಯ ಮಷಿನ್ ಟೈರೋಸಿನೇಸ್ ಎಂಬ ಕಿಣ್ವ. ತಾಮ್ರ ಇಟ್ಟುಕೊಂಡು ಕೆಲಸ ಮಾಡುವ ಮಷಿನ್ ಅದು. ಅದು ನಿಂತರೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ. ಬಿಸಿಲು ಬಿದ್ದರೆ, ಬಸುರಿನಲ್ಲಿ ಹಾರ್ಮೋನು ಏರಿದರೆ, ಮೊಡವೆ ಆಗಿ ಉರಿ ಎದ್ದರೆ, ಆ ಭಾಗದ ಘಟಕಗಳು ರಾತ್ರಿ ಪಾಳಿಯಲ್ಲೂ ದುಡಿಯಲು ಶುರು ಮಾಡುತ್ತವೆ. ಬಂಗು ಅನ್ನುವುದೂ, ಮೊಡವೆ ಒಣಗಿದ ಮೇಲೆ ಉಳಿಯುವ ಕಪ್ಪು ಚುಕ್ಕೆಯೂ ಹೀಗೆ ಆಗುವಂಥವು.

ಅಜೆಲೈಕ್ ಆ್ಯಸಿಡ್ ಈ ಮಷಿನ್ನಿಗೆ ಅಡ್ಡಿಯಾಗುತ್ತದೆ. ಅದರ ನಿಜವಾದ ಗುಣ ಕಾಣುವುದು ಇನ್ನೊಂದು ಕಡೆ. ಅತಿಯಾಗಿ ಓಡುತ್ತಿರುವ ಘಟಕಗಳ ಮೇಲೆ ಇದರ ಪರಿಣಾಮ ಜಾಸ್ತಿ, ಸುಮ್ನೆ ತಮ್ಮ ಪಾಡಿಗೆ ನಡೆಯುತ್ತಿರುವ ಘಟಕಗಳ ಮೇಲೆ ಬಹಳ ಕಡಿಮೆ. ಓವರ್‌ಟೈಮ್ ಮಾಡುವವರ ಕರೆಂಟ್ ಮಾತ್ರ ತೆಗೆದ ಹಾಗೆ. ಜೀನ್ಸ್ ಮೇಲೆ ಬ್ಲೀಚ್ ಹಾಕಿದರೆ ಇಡೀ ಬಟ್ಟೆ ಮಾಸುತ್ತದೆ. ಇದು ಬ್ಲೀಚ್ ಅಲ್ಲ. ಈಗಾಗಲೇ ಇರುವ ಬಣ್ಣವನ್ನು ತೊಳೆಯುವುದಿಲ್ಲ, ಹೊಸದಾಗಿ ಬರುವ ಹೆಚ್ಚುವರಿ ಬಣ್ಣವನ್ನು ತಡೆಯುತ್ತದೆ ಅಷ್ಟೇ.

ಇದರಿಂದ ಎರಡು ಮಾತು ತಾನಾಗಿಯೇ ಹೊರಡುತ್ತವೆ. ಒಂದು, ಇದನ್ನು ಹಚ್ಚಿದರೆ ನೀವು ಬೆಳ್ಳಗಾಗುವುದಿಲ್ಲ. ಹುಟ್ಟಿನಿಂದ ಬಂದ ಬಣ್ಣ ಹಾಗೇ ಇರುತ್ತದೆ. "ಮದುವೆಗೆ ಇನ್ನೂ ಎರಡು ತಿಂಗಳು ಐತ್ರಿ, ಹುಡುಗಿ ಸ್ವಲ್ಪ ಕಲರ್ ಬರಬೇಕು" ಅಂತ ಬರುವ ತಾಯಂದಿರಿಗೆ ನಾನು ಇದನ್ನು ಕೊಡುವುದಿಲ್ಲ, ಬೇರೆ ಏನನ್ನೂ ಕೊಡುವುದಿಲ್ಲ. ಎರಡು, ಇದು ನಿಧಾನ. ಹಳೆಯ ಬಣ್ಣ ಇರುವ ಚರ್ಮ ಪದರ ಪದರವಾಗಿ ಮೇಲೆ ಬಂದು ಉದುರಬೇಕು, ಕೆಳಗಿನಿಂದ ಹೊಸದು ಬರಬೇಕು. ಒಂದು ಸುತ್ತಿಗೇ ಸುಮಾರು ಒಂದು ತಿಂಗಳು ಬೇಕು. ಹದಿನೈದು ದಿನಕ್ಕೆ ಟ್ಯೂಬ್ ಬೈಯುವುದು, ನಾಟಿ ಮಾಡಿದ ವಾರಕ್ಕೆ ಗದ್ದೆಯಲ್ಲಿ ತೆನೆ ಹುಡುಕಿದ ಹಾಗೆ.

ಮೊಡವೆ ವಿಷಯದಲ್ಲಿ ಕೆಲಸ ಬೇರೆ ರೀತಿ. ಮೊಡವೆ ಆಗಲು ನಾಲ್ಕು ಸಂಗತಿ ಕೂಡಬೇಕು. ಜಿಡ್ಡು ಜಾಸ್ತಿಯಾಗಬೇಕು. ರಂಧ್ರದ ಬಾಯಿ ಸತ್ತ ಚರ್ಮದಿಂದ ಕಟ್ಟಬೇಕು. ಒಳಗೆ ಸಿಕ್ಕ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೀಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಬೇಕು. ಕೊನೆಗೆ ಊತ, ಉರಿ ಏಳಬೇಕು. ಅಜೆಲೈಕ್ ಆ್ಯಸಿಡ್ ಇವುಗಳಲ್ಲಿ ಮೂರನ್ನು ಹಿಡಿಯುತ್ತದೆ. ರಂಧ್ರ ಕಟ್ಟದಂತೆ ನೋಡುತ್ತದೆ, ಬ್ಯಾಕ್ಟೀರಿಯಾ ತನಗೆ ಬೇಕಾದ ಪ್ರೋಟೀನ್ ಮಾಡಿಕೊಳ್ಳದಂತೆ ತಡೆಯುತ್ತದೆ, ಉರಿ ಇಳಿಸುತ್ತದೆ. ಜಿಡ್ಡನ್ನು ಮಾತ್ರ ಹೆಚ್ಚೇನೂ ಕಡಿಮೆ ಮಾಡುವುದಿಲ್ಲ. ಹಾಗಾಗಿ "ಮುಖ ಇನ್ನೂ ಎಣ್ಣೆ ಎಣ್ಣೆ ಐತಿ" ಅನ್ನುವುದು ಔಷಧಿ ಸೋತದ್ದರ ಗುರುತಲ್ಲ.

ಆ್ಯಂಟಿಬಯೋಟಿಕ್ ಹಚ್ಚುವ ಜೆಲ್‌ಗಳನ್ನು ಒಂಟಿಯಾಗಿ ತಿಂಗಳುಗಟ್ಟಲೆ ಬಳಸಿದರೆ ಬ್ಯಾಕ್ಟೀರಿಯಾ ಪಳಗಿಬಿಡುತ್ತವೆ, ಆಮೇಲೆ ಬಗ್ಗುವುದಿಲ್ಲ. ಅಜೆಲೈಕ್ ಆ್ಯಸಿಡ್‌ಗೆ ಅವು ಹಾಗೆ ಸುಲಭವಾಗಿ ಪಳಗುವುದಿಲ್ಲ. ದೀರ್ಘಕಾಲ ಹಚ್ಚಬೇಕಾದ ಔಷಧಿಗೆ ಇದು ಸಣ್ಣ ಗುಣವಲ್ಲ.

ಇನ್ನೊಂದು ಲಾಭ ನಮ್ಮಂಥ ಕಂದು ಬಣ್ಣದವರಿಗೇ ವಿಶೇಷ. ಬಿಳಿ ಚರ್ಮದವರ ಮೊಡವೆ ಹೋದರೆ ಕೆಂಪು ಗುರುತು ಉಳಿಯುತ್ತದೆ. ನಮ್ಮ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಕೂತಿರುತ್ತದೆ. ಕಾಲೇಜಿನ ಹುಡುಗ ಹುಡುಗಿಯರು ನನ್ನ ಹತ್ತಿರ ಅಳುವುದು ಮೊಡವೆಗಿಂತ ಹೆಚ್ಚಾಗಿ ಈ ಕಲೆಗಳಿಗೇ. ಒಂದೇ ಟ್ಯೂಬ್ ಮೊಡವೆಯನ್ನೂ ನೋಡಿಕೊಳ್ಳುತ್ತದೆ, ಅದು ಬಿಟ್ಟುಹೋದ ಕಲೆಯನ್ನೂ ನೋಡಿಕೊಳ್ಳುತ್ತದೆ ಅಂದರೆ ಅದು ನಮಗಾಗಿಯೇ ಮಾಡಿದ ಹಾಗಿದೆ. ಆದರೆ ಹಳ್ಳ ಬಿದ್ದ ಗುಳಿಗಳನ್ನು ಇದು ತುಂಬುವುದಿಲ್ಲ. ಗಲ್ಲದಲ್ಲಿ ಒಳಗೇ ಗಂಟು ಕಟ್ಟಿ ನೋಯುವ ದೊಡ್ಡ ಮೊಡವೆಗಳಿಗೂ ಇದೊಂದೇ ಸಾಲುವುದಿಲ್ಲ. ಅದಕ್ಕೆ ಡಾಕ್ಟರ್ ಬೇಕು, ಗುಳಿಗೆಯೂ ಬೇಕಾಗಬಹುದು.

ಬಂಗಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕೆನ್ನೆಯ ಎರಡೂ ಕಡೆ, ಹಣೆ, ಮೂಗು, ಮೇಲ್ದುಟಿಯ ಮೇಲೆ ಕಂದು ಮೋಡದ ಹಾಗೆ ಕವಿಯುತ್ತದೆ. ಹೆಂಗಸರಿಗೆ ಜಾಸ್ತಿ. ಬಸುರಿಯಲ್ಲಿ, ಗರ್ಭನಿರೋಧಕ ಗುಳಿಗೆ ತಗೊಳ್ಳುವಾಗ ಕಾಣಿಸಿಕೊಳ್ಳುವುದುಂಟು. ಮನೆತನದಲ್ಲಿ ಇದ್ದರೆ ಬರುವ ಸಂಭವ ಹೆಚ್ಚು. ಬಿಸಿಲಂತೂ ಸರಿಯೇ ಸರಿ. ದಿನಾ ಒಲೆ ಮುಂದೆ ಕೂತು ರೊಟ್ಟಿ ಸುಡುವವರಿಗೆ ಒಲೆಯ ಕಾವೂ ಅದನ್ನು ಕೆದಕುತ್ತದೆ.

ಇದಕ್ಕೆ ಬಹಳ ಕಾಲದಿಂದ ಬಳಸುವ ಔಷಧಿ ಹೈಡ್ರೋಕ್ವಿನೋನ್. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಕ್ಷಿಣ ಅಮೆರಿಕದ 329 ಹೆಂಗಸರಿಗೆ 24 ವಾರ ಔಷಧಿ ಹಚ್ಚಿದರು. ಒಂದು ಗುಂಪಿಗೆ 20% ಅಜೆಲೈಕ್ ಆ್ಯಸಿಡ್, ಇನ್ನೊಂದಕ್ಕೆ 4% ಹೈಡ್ರೋಕ್ವಿನೋನ್. ಅಜೆಲೈಕ್ ಹಚ್ಚಿದವರಲ್ಲಿ ನೂರಕ್ಕೆ 65 ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 24 ವಾರ ಅಂದರೆ ಐದೂವರೆ ತಿಂಗಳು, ಅದನ್ನು ದಯವಿಟ್ಟು ಗಮನಿಸಿ. ಹೈಡ್ರೋಕ್ವಿನೋನನ್ನು ಕೇಳುವವರಿಲ್ಲದೆ ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ಮುಖ ನೀಲಿಗಪ್ಪು ಆಗಿಬಿಡುತ್ತದೆ. ಅಜೆಲೈಕ್ ಆ್ಯಸಿಡ್‌ನಲ್ಲಿ ಆ ಭಯವಿಲ್ಲ.

ಆ ನಾಲ್ಕು ದಿನದ ಟ್ಯೂಬಿನಲ್ಲಿ ಏನಿದೆ ಅಂತ ಈಗ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಮೂರು ಔಷಧಿ ಸೇರಿರುತ್ತವೆ: ಹೈಡ್ರೋಕ್ವಿನೋನ್, ವಿಟಮಿನ್ ಎ ಜಾತಿಯ ಟ್ರೆಟಿನೋಯಿನ್, ಜೊತೆಗೆ ಊತ, ಉರಿ ಇಳಿಸುವ ಒಂದು ಸ್ಟೀರಾಯ್ಡ್. ಡಾಕ್ಟರ್ ನೋಡಿ, ಇಷ್ಟೇ ವಾರ ಅಂತ ಹೇಳಿ ಬರೆದರೆ ಅದು ಒಳ್ಳೆಯ ಔಷಧಿಯೇ. ಕ್ರೀಮ್ ಪೌಡರ್ ಥರ ದಿನಾ ಹಚ್ಚಿದರೆ ಕಥೆ ಬೇರೆ. ಸ್ಟೀರಾಯ್ಡ್ ಮೊದಲು ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡುತ್ತದೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಮೊಡವೆ ಏಳುತ್ತವೆ. ಬಿಟ್ಟರೆ ಉರಿ, ಬಿಡದಿದ್ದರೆ ಹಾಳು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೂ ಮಾರುವವರು ಮಾರುತ್ತಾರೆ. ನನ್ನ ವೃತ್ತಿಯವರ ಬಗ್ಗೆ ನಾನೇ ಹೀಗೆ ಬರೆಯುವುದು ಕೆಲವರಿಗೆ ಸರಿ ಕಾಣಲಿಕ್ಕಿಲ್ಲ, ಏನು ಮಾಡೋದು.

ರೊಸೇಶಿಯಾ ನಮ್ಮಲ್ಲಿ ಹೆಸರು ಕೇಳಿದವರೇ ಕಡಿಮೆ. ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಮೊಡವೆ ಅಂದುಕೊಂಡು ಬಿಡುತ್ತಾರೆ. ಕೆನ್ನೆ, ಮೂಗು ಬಿಸಿ ಬಿಸಿ ಅನ್ನಿಸುವುದು, ಬಿಸಿಲಿಗೆ ಹೋಗಿ ಬಂದರೆ, ಮಿರ್ಚಿ ಒಗ್ಗರಣಿ ತಿಂದರೆ, ಕುದಿಯುವ ಚಹಾ ಕುಡಿದರೆ ಮುಖ ಉರಿಯುವುದು, ಕಪ್ಪು ತಲೆ ಇಲ್ಲದ ಸಣ್ಣ ಗುಳ್ಳೆಗಳು ಏಳುವುದು ಇದ್ದರೆ ಡಾಕ್ಟರ್‌ಗೆ ತೋರಿಸಿ. ಅಜೆಲೈಕ್ ಜೆಲ್ ಅಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ.

ಬಸುರಿಯರ ವಿಷಯ ಬೇರೆಯಾಗಿ ಹೇಳಬೇಕು. ಬಂಗು ಬರುವುದೂ ಆಗಲೇ, ಹೆಚ್ಚಿನ ಔಷಧಿಗಳನ್ನು ಮುಟ್ಟಬಾರದ ಕಾಲವೂ ಅದೇ. ಟ್ರೆಟಿನೋಯಿನ್ ಬೇಡ, ಹೈಡ್ರೋಕ್ವಿನೋನ್ ಬೇಡ ಅನ್ನುತ್ತಾರೆ. ಅಜೆಲೈಕ್ ಆ್ಯಸಿಡ್ ಹಚ್ಚಿದರೆ ಸುಮಾರು 4% ಮಾತ್ರ ಮೈಯೊಳಗೆ ಹೋಗುತ್ತದೆ. ಊಟದಿಂದಲೂ ಸ್ವಲ್ಪ ಇದ್ದೇ ಇರುತ್ತದೆ, ಮೈಗೆ ಅದು ಹೊಸ ವಸ್ತುವಲ್ಲ. ಹಾಗಾಗಿ ಬಸುರಿಯರಿಗೆ ಡಾಕ್ಟರ್‌ಗಳು ಧೈರ್ಯವಾಗಿ ಬರೆಯುವ ಕೆಲವೇ ಔಷಧಿಗಳಲ್ಲಿ ಇದೂ ಒಂದು. ಆದರೂ ನೀವಾಗಿಯೇ ತಗೋಬೇಡಿ, ನಿಮ್ಮನ್ನು ನೋಡುವ ಡಾಕ್ಟರನ್ನು ಒಂದು ಮಾತು ಕೇಳಿ. ಹಾಲುಣಿಸುವವರು ಮಗುವಿನ ಬಾಯಿ ತಾಗುವ ಕಡೆ ಹಚ್ಚಬಾರದು.

ಟ್ಯೂಬಿನ ಮೇಲೆ 10%, 15%, 20% ಅಂತ ಇರುತ್ತದೆ. ದೊಡ್ಡ ಅಂಕಿ ಅಂದರೆ ದೊಡ್ಡ ಔಷಧಿ ಅಂತ ಲೆಕ್ಕ ಹಾಕಬೇಡಿ. ಈ ಪುಡಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕೆಲವು ಕ್ರೀಮ್ ಬೆರಳಿಗೆ ಸಣ್ಣ ರವೆಯ ಹಾಗೆ ಸಿಗುವುದೂ ಅದಕ್ಕೇ. 15% ಜೆಲ್‌ನಲ್ಲಿ ಪುಡಿ ಇನ್ನೂ ನುಣ್ಣಗೆ ಬೆರೆತು, 20% ಕ್ರೀಮ್‌ಗಿಂತ ಚೆನ್ನಾಗಿ ಚರ್ಮದೊಳಗೆ ಇಳಿಯುತ್ತದೆ. ಜಿಡ್ಡಿನ ಮುಖಕ್ಕೆ ಜೆಲ್ ಹಿತ, ಒಣ ಮುಖಕ್ಕೆ ಕ್ರೀಮ್. ನಮ್ಮ ಏಪ್ರಿಲ್ ಮೇನಲ್ಲಿ ದಪ್ಪ ಕ್ರೀಮ್ ಯಾರಿಗೂ ಹಿತವಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಚ್ಚುವ ಬಗೆ ಹೀಗೆ. ಮುಖ ತೊಳೆದು, ಒರೆಸಿ, ಪೂರ್ತಿ ಒಣಗಲು ಐದು ನಿಮಿಷ ಬಿಡಿ. ಹಸಿ ಮುಖಕ್ಕೆ ಹಚ್ಚಿದರೆ ಚುರುಚುರು ಜಾಸ್ತಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಕಲೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಆ ಭಾಗಕ್ಕೆಲ್ಲ ತೆಳ್ಳಗೆ ಸವರಬೇಕು. ಯಾಕಂದರೆ ಕಾಣುವ ಮೊಡವೆಯ ಪಕ್ಕದಲ್ಲೇ ಕಾಣದ ಮೊಡವೆ ತಯಾರಾಗುತ್ತಿರುತ್ತದೆ. ಕಣ್ಣು, ತುಟಿ, ಮೂಗಿನ ಮೂಲೆ ಬಿಡಿ. ಆಮೇಲೆ ಮಾಯಿಶ್ಚರೈಸರ್. ಬೇಗ ಬೇಗ ಒಂದರ ಮೇಲೊಂದು ಉಜ್ಜಿದರೆ, ಹಿಟ್ಟು ನಾದಿದ ಕೈ ತಿಕ್ಕಿದಾಗ ಉದುರುತ್ತದಲ್ಲ, ಹಾಗೆ ಎಳೆ ಎಳೆಯಾಗಿ ಉದುರುತ್ತದೆ. ಸ್ವಲ್ಪ ತಡೆದು ಹಚ್ಚಿ.

ಮೊದಲ ಎರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ. ಚರ್ಮ ಒಗ್ಗಿದ ಮೇಲೆ ದಿನಾ ರಾತ್ರಿ. ಅದೂ ಸರಿಹೋದರೆ ಬೆಳಿಗ್ಗೆ, ರಾತ್ರಿ ಎರಡು ಹೊತ್ತು. ಡಾಕ್ಟರ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಲಿ. ಮೊದಮೊದಲು ಹಚ್ಚಿದ ಕೂಡಲೇ ಮೆಣಸಿನಕಾಯಿ ಮುಟ್ಟಿದ ಕೈ ತಾಗಿದ ಹಾಗೆ ಚುರುಚುರು ಅನ್ನುತ್ತದೆ, ಕೆಲವರಿಗೆ ನವೆ ಆಗುತ್ತದೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಕೆಲವು ವಾರಗಳಲ್ಲಿ ಅದೂ ನಿಲ್ಲುತ್ತದೆ. ಹೆಚ್ಚಿನವರು ಟ್ಯೂಬ್ ಬಿಸಾಕುವುದು ಈ ಹಂತದಲ್ಲೇ. ಆದರೆ ಮುಖ ಊದಿದರೆ, ಬೊಬ್ಬೆ ಎದ್ದರೆ, ಉರಿ ದಿನವಿಡೀ ಇಳಿಯದಿದ್ದರೆ ನಿಲ್ಲಿಸಿ ತೋರಿಸಿ. ಹಚ್ಚಿದ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಳಚಿಕೊಂಡರೂ ತೋರಿಸಿ. ಅದು ಅಪರೂಪ, ಆದರೆ ಆಗುವುದುಂಟು. ಅಸ್ತಮಾ ಇರುವವರು ಡಾಕ್ಟರ್‌ಗೆ ಮೊದಲೇ ತಿಳಿಸಿರಿ.

ಮೊಡವೆ ಇಳಿಯುವುದು ಒಂದು ತಿಂಗಳಿಗೆ ಸ್ವಲ್ಪ ತಿಳಿಯುತ್ತದೆ, ಮೂರು ತಿಂಗಳಿಗೆ ಸ್ಪಷ್ಟ. ಕಲೆಗೆ, ಬಂಗಿಗೆ ಆರು ತಿಂಗಳು ಇಟ್ಟುಕೊಳ್ಳಿ. ಕನ್ನಡಿ ದಿನಾ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಕಿಟಕಿ ಪಕ್ಕ, ಒಂದೇ ಹೊತ್ತಿಗೆ, ತಿಂಗಳಿಗೊಂದು ಫೋಟೋ ತೆಗೆದಿಡಿ. ಫಿಲ್ಟರ್ ಹಾಕದೆ, ಅಷ್ಟೇ.

ಜೊತೆಗೆ ಏನು ಹಚ್ಚಬಹುದು ಅಂತ ಈಗಿನ ಹುಡುಗರು ಮೊಬೈಲ್ ಹಿಡಿದೇ ಕೇಳುತ್ತಾರೆ. ನಯಾಸಿನಮೈಡ್, ಅಂದರೆ ವಿಟಮಿನ್ ಬಿ3ಯ ಒಂದು ರೂಪ, ಇದರ ಜೊತೆ ಹೊಂದಿಕೊಳ್ಳುತ್ತದೆ. ಮೊಡವೆಗೆ ಹಚ್ಚುವ ಅಡಾಪಲೀನ್, ಟ್ರೆಟಿನೋಯಿನ್ ಇದ್ದರೆ ಅದು ರಾತ್ರಿ, ಇದು ಬೆಳಿಗ್ಗೆ. ಮೊಡವೆಯ ಇನ್ನೊಂದು ಔಷಧಿ ಬೆನ್ಜೊಯಿಲ್ ಪೆರಾಕ್ಸೈಡ್ ಸೇರಿದರೆ ಮುಖ ಒಣಗುತ್ತದೆ, ದಿಂಬಿನ ಕವರ್ ಬಣ್ಣವೂ ಹೋಗುತ್ತದೆ. ಸ್ಕ್ರಬ್, ನಿಂಬೆ, ಟೂತ್‌ಪೇಸ್ಟ್ ಇವು ಯಾವುವೂ ಬೇಡ. ನಾಲ್ಕು ಸೀರಮ್ ಒಟ್ಟಿಗೆ ಶುರು ಮಾಡಿದರೆ ಯಾವುದು ಉರಿಸಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಬಿಸಿಲು. ಅಜೆಲೈಕ್ ಆ್ಯಸಿಡ್ ತಾನಾಗಿ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುವ ಔಷಧಿಯಲ್ಲ. ಆದರೆ ರಾತ್ರಿ ಒಳಗೆ ಬಣ್ಣದ ಮಷಿನ್ ನಿಲ್ಲಿಸಿ, ಹಗಲು ನಮ್ಮ ಬಿಸಿಲಿಗೆ ಬರಿ ಮುಖ ಒಡ್ಡಿದರೆ, ಒಂದು ಕೈಯಲ್ಲಿ ನೀರು ಹೊರಹಾಕಿ ಇನ್ನೊಂದು ಕೈಯಲ್ಲಿ ತುಂಬಿದ ಹಾಗೆ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನದು, ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು. ಬೆವರು ಸುರಿಯುವ ಊರಿನಲ್ಲಿ ಅದು ಬೆಳಿಗ್ಗೆ ಹಚ್ಚಿದ್ದು ಸಂಜೆ ತನಕ ಇರುವುದಿಲ್ಲ, ಎರಡು ಮೂರು ತಾಸಿಗೆ ಮತ್ತೆ ಹಚ್ಚಬೇಕು. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಂಗಸಿಗೆ ಇದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಅವರಿಗೆ ನಾನು ಹೇಳುವುದು ಸೆರಗು, ಅಗಲವಾದ ಟೋಪಿ, ಮಧ್ಯಾಹ್ನದ ನೆರಳು. ಅವೂ ಕೆಲಸ ಮಾಡುತ್ತವೆ, ದುಡ್ಡೂ ಕೇಳುವುದಿಲ್ಲ.

ಬಂಗು ಇರುವವರಿಗೆ ಇನ್ನೊಂದು ವಿಷಯ. ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪು ಮಾಡುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಆ ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ. ಮೈಬಣ್ಣದ ಸನ್‌ಸ್ಕ್ರೀನ್ ಅಂತ ಸಿಗುತ್ತದೆ, ಅದು ತಡೆಯುತ್ತದೆ. ಅದಕ್ಕೆ ಬಣ್ಣ ಕೊಡುವುದು ಏನು ಗೊತ್ತಾ? ಕಬ್ಬಿಣದ ಆಕ್ಸೈಡ್. ಸಂಡೂರಿನ ಗುಡ್ಡ ಅಗೆದು ಲಾರಿ ತುಂಬಿ, ನಮ್ಮ ರಸ್ತೆ, ಗಿಡ, ಅಂಗಿ ಎಲ್ಲ ಕೆಂಪು ಮಾಡಿದ ಅದಿರು ಕೂಡ ಕಬ್ಬಿಣದ ಆಕ್ಸೈಡೇ. ಇಷ್ಟು ವರ್ಷ ಪುಕ್ಕಟೆ ಮುಖಕ್ಕೆ ಬಡಿಸಿಕೊಂಡದ್ದನ್ನು ಈಗ ಶುದ್ಧ ಮಾಡಿ ಟ್ಯೂಬಿನಲ್ಲಿ ಕೊಂಡು ಹಚ್ಚಬೇಕು ನೋಡಿ. ಹಾಗಂತ ರಸ್ತೆ ಧೂಳನ್ನು ಯಾರೂ ಹಚ್ಚಿಕೊಳ್ಳಬೇಡಿ ಮತ್ತೆ!

ಈ ಟ್ಯೂಬ್ ಯಾವುದಕ್ಕೆ ಅಲ್ಲ ಅನ್ನುವುದೂ ಮುಖ್ಯ. ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪವಾಗಿ, ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಕಲೆಯೂ ಅಲ್ಲ. ಬಹಳ ಸಲ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಕ್ರೀಮ್ ಕೇಳಿ ಬಂದವರಿಗೆ ಮೊದಲು ಶುಗರ್ ಟೆಸ್ಟ್ ಮಾಡಿಸಿ ಅನ್ನುತ್ತೇನೆ. "ಕುತ್ತಿಗಿ ಕಪ್ಪಾದ್ರ ಶುಗರ್ ಯಾಕ್ರಿ?" ಅಂತ ಸಿಟ್ಟಾದ ಒಬ್ಬರು, ರಿಪೋರ್ಟ್ ಬಂದ ಮೇಲೆ ತಾವಾಗಿಯೇ ಬಂದು ತೋರಿಸಿ ಹೋದರು.

ಇನ್ನೊಂದು, ಬಿಳಚಿದ ಮಚ್ಚೆ. ಚಿಬ್ಬಿನಿಂದ ಕಲಿತ ಔಷಧಿಯಾದರೂ ಚಿಬ್ಬಿಗೆ ಇದನ್ನು ಹಚ್ಚುವುದಿಲ್ಲ. ಅದಕ್ಕೆ ಕೀಟೋಕೊನಜೋಲ್‌ನಂಥ ಶಿಲೀಂಧ್ರ ಕೊಲ್ಲುವ ಶಾಂಪೂ, ಮುಲಾಮು ಬೇಕು. ಯೀಸ್ಟ್ ಸತ್ತರೂ ಬಿಳುಪು ತುಂಬಲು ತಿಂಗಳುಗಳು ಹಿಡಿಯುತ್ತವೆ, ಅಷ್ಟರಲ್ಲಿ ಮದ್ದು ಸೋತಿತು ಅನ್ನಬೇಡಿ. ಆದರೆ ಮಚ್ಚೆಯ ಮೇಲೆ ಹತ್ತಿ ಎಳೆ ಸವರಿದರೂ ಗೊತ್ತಾಗದಿದ್ದರೆ, ಅಲ್ಲಿ ಕೂದಲು ಉದುರಿದ್ದರೆ, ಬೆವರದಿದ್ದರೆ, ಯಾವ ಮೆಡಿಕಲ್ ಅಂಗಡಿಗೂ ಹೋಗಬೇಡಿ, ನನ್ನದಕ್ಕೂ ಬರಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದು ಕುಷ್ಠರೋಗ ಇರಬಹುದು. ಅಲ್ಲಿ ಪರೀಕ್ಷೆಯೂ ಪುಕ್ಕಟೆ, ಗುಳಿಗೆಯೂ ಪುಕ್ಕಟೆ, ಬೇಗ ಹೋದಷ್ಟೂ ಕೈಕಾಲು ಉಳಿಯುತ್ತವೆ.